ಭದ್ರಾವತಿಗೆ ನಷ್ಟ ಹೊಸದಲ್ಲ

ಬೆಂಗಳೂರಿಗೆ ಬಂದ ಹೊಸದರಲ್ಲಿ ಯಾರಾದರೂ ‘ಯಾವೂರು?’ ಅಂತ ಕೇಳಿದರೆ ‘ಶಿವಮೊಗ್ಗ’ ಅಂದುಬಿಡುತ್ತಿದ್ದೆ. ಜಿಲ್ಲೆ ಅದೇ ತಾನೆ, ಪೂರ್ತಿ ಸುಳ್ಳೇನಲ್ಲ. ಶಿವಮೊಗ್ಗ ಅಂದರೆ ಮಾತು ಜೋಗಕ್ಕೆ, ಮಳೆಗೆ, ಕಡುಬಿಗೆ ಹೊರಳುತ್ತೆ. ಭದ್ರಾವತಿ ಅಂದರೆ ಮಾತ್ರ ಒಂದೇ ಪ್ರಶ್ನೆ: ‘ಆ ಫ್ಯಾಕ್ಟರಿ ಇನ್ನೂ ಇದೆಯಾ?’

ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ನಾವು ಚಿಕ್ಕವರಿದ್ದಾಗ ಗೋಡೆ ಗಡಿಯಾರಕ್ಕಿಂತ ಕಾರ್ಖಾನೆಯ ಸೈರನ್ ಮೇಲೆ ನಂಬಿಕೆ ಜಾಸ್ತಿ. ಸೈರನ್ ಕೂಗಿತು ಅಂದರೆ ಅಮ್ಮ ಅನ್ನಕ್ಕಿಡುತ್ತಿದ್ದಳು. ಈಗ ಊರಿಗೆ ಹೋದರೆ ಕ್ವಾರ್ಟರ್ಸ್ ಸಾಲಿನಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಆಳೆತ್ತರ ಗಿಡ ಬೆಳೆದಿದೆ. ನನ್ನ ಕ್ಲಾಸಿನವರಲ್ಲಿ ಮುಕ್ಕಾಲು ಪಾಲು ಜನ ಬೆಂಗಳೂರಲ್ಲೇ ಸಿಗುತ್ತಾರೆ. ಇದು ಬರೀ ನನ್ನ ಅನಿಸಿಕೆ ಅಲ್ಲ. 2001ರ ಜನಗಣತಿಯಲ್ಲಿ ಸುಮಾರು 1.6 ಲಕ್ಷ ಇದ್ದ ಭದ್ರಾವತಿ ನಗರದ ಜನಸಂಖ್ಯೆ 2011ರಲ್ಲಿ ಸುಮಾರು 1.5 ಲಕ್ಷಕ್ಕೆ ಇಳಿದಿತ್ತು. ಕರ್ನಾಟಕದ ನಗರಗಳೆಲ್ಲ ಉಬ್ಬುತ್ತಿದ್ದ ಹತ್ತು ವರ್ಷ ಅದು.

ಊರನ್ನು ಉಳಿಸಬೇಕು ಅನ್ನೋ ಮಾತು ಬಂದಾಗಲೆಲ್ಲ ನಾವು ಹೇಳಿಕೊಳ್ಳುವ ಕಥೆ ಒಂದೇ: ಸರ್ ಎಂ. ವಿಶ್ವೇಶ್ವರಯ್ಯ ಬಂದರು, ಕಾರ್ಖಾನೆ ಕಟ್ಟಿದರು, ಊರು ಬೆಳಗಿತು, ಆಮೇಲೆ ಬಂದವರು ಹಾಳು ಮಾಡಿದರು. ಕೇಳೋಕೆ ಚೆನ್ನಾಗಿದೆ. ಆದರೆ ಈ ಕಥೆಯಲ್ಲಿ ನಮಗೆ ಇವತ್ತು ನಿಜಕ್ಕೂ ಬೇಕಾದ ಭಾಗವೇ ಬಿಟ್ಟುಹೋಗಿದೆ. ಭದ್ರಾವತಿ ಹುಟ್ಟುವಾಗಲೇ ಮುಳುಗುವ ಹಾಗಿತ್ತು.

ಊರಿನ ಹಳೇ ಹೆಸರು ಬೆಂಕಿಪುರ. ಕುಲುಮೆ ಇದ್ದದ್ದಕ್ಕೆ ಬಂದ ಹೆಸರಲ್ಲ ಅದು. ವಂಕಿ ಅನ್ನುವ ಮುನಿಯ ವಂಕಿಪುರವೇ ಜನರ ಬಾಯಲ್ಲಿ ಬೆಂಕಿಪುರ ಆಯಿತು ಅಂತ ಸ್ಥಳಪುರಾಣ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಭದ್ರಾ ಹೊಳೆ, ಶಿವಮೊಗ್ಗಕ್ಕೆ ಹೋಗುವ ರೈಲು, ಅಷ್ಟೇ. ಇಲ್ಲಿ ಕಬ್ಬಿಣದ ಕಾರ್ಖಾನೆ ಮಾಡಬಹುದು ಅಂತ ಲೆಕ್ಕ ಹಾಕಿದ್ದು ಮೂರು ವಸ್ತು ನೋಡಿ. ಕೆಮ್ಮಣ್ಣುಗುಂಡಿಯ ಗುಡ್ಡದಲ್ಲಿ ಅದಿರು, ಹತ್ತಿರದಲ್ಲೇ ಸುಣ್ಣದಕಲ್ಲು, ಸುತ್ತ ಮಲೆನಾಡಿನ ಕಾಡು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಮರ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಅದಿರು ಕರಗಿಸುವ ಯೋಜನೆ. ಗುಡ್ಡದಿಂದ ಅದಿರು ರೋಪ್‌ವೇಯಲ್ಲಿ ಕೆಳಗಿಳಿದು, ಅಲ್ಲಿಂದ ಟ್ರಾಮ್ ಗಾಡಿಯಲ್ಲಿ ಊರಿಗೆ ಬರುತ್ತಿತ್ತು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರಲ್ಲಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ಕಾರ್ಖಾನೆ ಕೆಲಸ ಶುರು ಮಾಡಿದ್ದು 1923ರ ಜನವರಿಯಲ್ಲಿ. ಯುದ್ಧಕಾಲದ ಬೆಲೆ ನೋಡಿ ಹಾಕಿದ ಲೆಕ್ಕವದು. ಕುಲುಮೆ ಹೊತ್ತುವ ಹೊತ್ತಿಗೆ ಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ನೆಲ ಕಚ್ಚಿತ್ತು. ಸಂಸ್ಥಾನದ ಖಜಾನೆಗೆ ಇದೊಂದು ಬಿಳಿ ಆನೆ, ಮುಚ್ಚಿಬಿಡೋದೇ ವಾಸಿ ಅಂತ ಆಡಿಕೊಂಡವರು ಕಡಿಮೆಯಿರಲಿಲ್ಲ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಸರ್ಕಾರ ನಿವೃತ್ತ ದಿವಾನರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಕೂರಿಸಿತು. 1923ರಿಂದ 1929ರವರೆಗೆ ಅವರು ಮಾಡಿದ ಕೆಲಸದಲ್ಲಿ ಮೈನವಿರೇಳಿಸುವಂಥದ್ದು ಏನೂ ಇಲ್ಲ. ಖರ್ಚಿನ ಬಾಬ್ತು ಒಂದೊಂದನ್ನೇ ಹಿಡಿದು ಕಡಿತ ಮಾಡಿದರು. ಅಮೆರಿಕದಿಂದ ಬಂದಿದ್ದ ಪರಿಣಿತರ ಜಾಗಕ್ಕೆ ಇಲ್ಲಿನ ಎಂಜಿನಿಯರುಗಳನ್ನು ತಯಾರು ಮಾಡಿದರು. ಇದ್ದಿಲು ಮಾಡುವಾಗ ಬರುವ ಹೊಗೆಯನ್ನೂ ಬಿಡಲಿಲ್ಲ, ಅದರಿಂದ ಮರದ ಆಲ್ಕೋಹಾಲು, ಅಸಿಟೇಟು, ಟಾರು ತೆಗೆದು ಮಾರಿದರು. ಬರೀ ಕಬ್ಬಿಣದ ಗಟ್ಟಿ ಮಾರಿದರೆ ಉಳಿಯೋದಿಲ್ಲ ಅಂತ ಎರಕದ ಪೈಪು ಮಾಡಿದರು. ಅವರು ಹೊರಡುವ ಹೊತ್ತಿಗೆ ನಷ್ಟ ಹಿಡಿತಕ್ಕೆ ಬಂದಿತ್ತು.

ಆಮೇಲಿನವರು ಅದೇ ದಾರಿ ಹಿಡಿದರು. 1930ರ ದಶಕದಲ್ಲಿ ಉಕ್ಕು ಬಂತು, ಸಿಮೆಂಟು ಬಂತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದರೆ ನಮ್ಮ ಎಂಪಿಎಂ, ಸ್ಥಾಪನೆಯಾಯಿತು. ಕಾಡು ಕಡಿದು ಕಡಿದು ಇದ್ದಿಲಿಗೆ ಕೊರತೆ ಆದಾಗ ಕಾರ್ಖಾನೆ ವಿದ್ಯುತ್ ಕುಲುಮೆಗೆ ಬದಲಾಯಿತು. ಮುಂದೆ ವಿಶೇಷ ಉಕ್ಕು ಶುರುವಾಯಿತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಉರ್ದು ಮಾತಾಡುವವರು ಎಲ್ಲರೂ ಬಂದರು. 1965ರಲ್ಲಿ ಆಕಾಶವಾಣಿ ಬಂತು, ‘ಭದ್ರಾವತಿ ಕೇಂದ್ರ’ ಅನ್ನುವ ದನಿ ಇಡೀ ಮಲೆನಾಡಿನ ಅಡುಗೆಮನೆ ಸೇರಿತು. ಜಿ.ಆರ್. ವಿಶ್ವನಾಥ್ ಹುಟ್ಟಿದ್ದೂ ಇದೇ ಊರಲ್ಲಿ. 1980ರ ದಶಕದಲ್ಲಿ ನೀವು ಓದಿದ ಕನ್ನಡ ಪತ್ರಿಕೆ ಎಂಪಿಎಂ ಕಾಗದದ ಮೇಲೇ ಅಚ್ಚಾಗಿರಬಹುದು.

ಅಂದರೆ ಊರು ಬದುಕಿದ್ದು ಕಾರ್ಖಾನೆ ಇದ್ದದ್ದರಿಂದ ಮಾತ್ರ ಅಲ್ಲ. ಒಂದು ಕೊಂಡಿ ಕಳಚಿದಾಗಲೆಲ್ಲ ಇನ್ನೊಂದನ್ನು ಹುಡುಕಿ ಜೋಡಿಸುವವರು ಇದ್ದರು, ಅದಕ್ಕೆ ಬದುಕಿತು.

ಮುಂದೆ ಆ ಜೋಡಿಸುವ ಕೆಲಸವೇ ನಿಂತಿತು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ತೀರ್ಮಾನ ಮಾಡುವವರು ದೂರವಾದರು. ಈ ಶತಮಾನದ ಶುರುವಿನಲ್ಲಿ ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಘಟ್ಟದ ಕಾಡು ಉಳಿಯಬೇಕು ಅಂದರೆ ಅದು ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಸ್ವಂತ ಅದಿರಿಲ್ಲದ ಕಾರ್ಖಾನೆ ಹೇಗೆ ಬದುಕಬೇಕು ಅನ್ನುವ ಪ್ರಶ್ನೆಗೆ ಉತ್ತರ ಕೊಡದೇ ವರ್ಷಗಳು ಕಳೆದವು. ಅತ್ತ ಅಗ್ಗದ ಆಮದು ಕಾಗದದ ಮುಂದೆ ಎಂಪಿಎಂ ಸೋತಿತು, 2015ರಲ್ಲಿ ಯಂತ್ರಗಳು ನಿಂತವು. ಅದರ ಸಕ್ಕರೆ ಘಟಕಕ್ಕೆ ಕಬ್ಬು ಹಾಕುತ್ತಿದ್ದ ಸುತ್ತಲ ಹಳ್ಳಿಗಳಿಗೂ ಪೆಟ್ಟು ಬಿತ್ತು. ಉಕ್ಕಿನ ಕಾರ್ಖಾನೆ ಮಾರಲು ಹೊರಟರೆ ಕೊಳ್ಳುವವರು ಸಿಗಲಿಲ್ಲ. ಕೊನೆಗೆ 2023ರ ಜನವರಿಯಲ್ಲಿ, ಕೆಲಸ ಶುರುವಾಗಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು, ಹೊರಗಿನಿಂದ ತಂದ ಉಕ್ಕನ್ನು ಸರಳು ಮಾಡುವುದಕ್ಕೆ. ಅದೂ ಕೆಲಸವೇ. ಆದರೆ ಅದಿರು ಕರಗಿಸಲೆಂದೇ ಹುಟ್ಟಿದ ಊರು ಅದರಿಂದ ಎಷ್ಟು ದಿನ ಬದುಕುತ್ತೆ?

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಅಲ್ಲಿನವರಿಗೆ ಬೆಳಗಿನ ರೈಲಾದರೂ ಇತ್ತು. ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆ ಸೇರುತ್ತಾರೆ. ನಮ್ಮೂರು ಬೆಂಗಳೂರಿಂದ ಸುಮಾರು 250 ಕಿಲೋಮೀಟರ್. ಅಲ್ಲಿಂದ ಹೋಗಿಬಂದು ಮಾಡೋಕಾಗಲ್ಲ. ಹೋದವರು ಹೋದಂತೆಯೇ.

ಹಾಗಾದರೆ ಏನು ಮಾಡೋದು? ಹಳೇ ಭದ್ರಾವತಿ ವಾಪಸ್ ಬರಲ್ಲ, ಬರಲೂಬಾರದು. ಅದು ತಿಂದ ಕಾಡು ಎಷ್ಟು ಅಂತ ಲೆಕ್ಕ ಇಟ್ಟವರು ಯಾರು? ಹಿಂದೆ ವಿದ್ಯುತ್ತಿನಲ್ಲಿ ಕಬ್ಬಿಣ ಕರಗಿಸಿದ ಊರು ಗುಜರಿ ಉಕ್ಕನ್ನೂ ಕರಗಿಸಬಹುದು, ಅದಕ್ಕೆ ಗುಡ್ಡ ಅಗೆಯಬೇಕಿಲ್ಲ. ಟನ್ನುಗಟ್ಟಲೆ ಮಾಡುವ ದೊಡ್ಡ ಕಾರ್ಖಾನೆಗಳ ಜೊತೆ ಗುದ್ದಾಡೋ ಬದಲು, ಕಡಿಮೆ ಮಾಡಿ ಹೆಚ್ಚು ಬೆಲೆಗೆ ಮಾರುವ ವಿಶೇಷ ಉಕ್ಕು ನಮ್ಮ ಹಳೇ ಕಸುಬು. ಶಿವಮೊಗ್ಗ ದಾರಿಯ ಮಾಚೇನಹಳ್ಳಿಯಲ್ಲಿ ಇವತ್ತಿಗೂ ಫೌಂಡ್ರಿಗಳಿವೆ. ಈ ಸೀಮೆಯ ಕೈಗಳು ಕಸುಬು ಮರೆತಿಲ್ಲ. ಆದರೆ ಆ ಕೈಗಳಿಗೆ ವಯಸ್ಸಾಗುತ್ತಿದೆ, ಕಲಿಯಬೇಕಾದವರು ನನ್ನ ಹಾಗೆ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಯಂತ್ರವನ್ನು ಹತ್ತು ವರ್ಷ ಬಿಟ್ಟು ರಿಪೇರಿ ಮಾಡಿಸಬಹುದು. ಕಸುಬು ಹಾಗಲ್ಲ, ಒಂದು ತಲೆಮಾರು ತಪ್ಪಿತು ಅಂದರೆ ಮುಗೀತು.

ಚುನಾವಣೆ ಹತ್ತಿರ ಬಂದಾಗೆಲ್ಲ ‘ಪುನಶ್ಚೇತನ’ ಅನ್ನೋ ಪದ ಊರಿಗೆ ಬರುತ್ತೆ. ಇನ್ನು ಮುಂದೆ ಯಾರಾದರೂ ಆ ಪದ ಹೇಳಿದರೆ ನಾವು ಕೇಳಬೇಕಾದ್ದು ‘ಎಷ್ಟು ಕೋಟಿ?’ ಅಂತ ಅಲ್ಲ. 1923ರಲ್ಲಿ ಕೇಳಿದ ಪ್ರಶ್ನೆಗಳನ್ನೇ ಕೇಳಬೇಕು: ಏನು ಮಾಡ್ತೀರಿ, ಯಾರಿಗೆ ಮಾರ್ತೀರಿ, ಯಾರಿಗೆ ಕಲಿಸ್ತೀರಿ?

ಅಂದಹಾಗೆ, ಈಗ ಯಾರಾದರೂ ‘ಯಾವೂರು?’ ಅಂದರೆ ನಾನು ಭದ್ರಾವತಿ ಅಂತಲೇ ಹೇಳ್ತೀನಿ.