ಚಿತ್ರಹಿಂಸೆ ಮತ್ತು ರಾಷ್ಟ್ರೀಯ ಭದ್ರತೆ: ಕರ್ನಾಟಕದಲ್ಲಿ ಚರ್ಚೆಯ ಇತಿಹಾಸ

ಬಂಧನದಲ್ಲಿರುವವರಿಂದ ತಪ್ಪೊಪ್ಪಿಗೆಯನ್ನೋ ಮಾಹಿತಿಯನ್ನೋ ಪಡೆಯಲು ಅಧಿಕಾರದಲ್ಲಿರುವವರು ಬೇಕೆಂದೇ ಕೊಡುವ ತೀವ್ರವಾದ ದೈಹಿಕ ಅಥವಾ ಮಾನಸಿಕ ನೋವನ್ನು ಚಿತ್ರಹಿಂಸೆ ಎನ್ನುತ್ತಾರೆ. ದೇಶದ ಭದ್ರತೆಗೆ ಅಪಾಯ ಒದಗಿದಾಗ ಇದಕ್ಕೆ ವಿನಾಯಿತಿ ಇರಬೇಕೇ ಎಂಬುದು ಹಳೆಯ ಚರ್ಚೆ. ಕರ್ನಾಟಕದಲ್ಲಿ ಅದು ತುರ್ತುಪರಿಸ್ಥಿತಿಯ ಬೆಂಗಳೂರು, ಕಾಡುಗಳ್ಳ ವೀರಪ್ಪನ್ ಬೇಟೆಯ ಮಲೆ ಮಹದೇಶ್ವರ ಬೆಟ್ಟ ಮತ್ತು ಭಯೋತ್ಪಾದನೆ ವಿರೋಧಿ ಟಾಡಾ ಕಾಯ್ದೆಯಡಿ ಬಂಧಿತರಾದವರಿದ್ದ ಮೈಸೂರು ಜೈಲಿನ ಸುತ್ತ ನಡೆದಿದೆ. ಈ ಇತಿಹಾಸವನ್ನು ಸಾಮಾನ್ಯವಾಗಿ ಕೆಲವು ಅಧಿಕಾರಿಗಳ ಕ್ರೌರ್ಯದ ಕಥೆಯಾಗಿ ಓದುತ್ತಾರೆ. ಆದರೆ ದಾಖಲೆಗಳು ಬೇರೊಂದನ್ನು ಹೇಳುತ್ತವೆ: ಪೊಲೀಸರ ಮುಂದೆ ಆಡಿದ ಮಾತಿಗೆ ಕಾನೂನು ಬೆಲೆ ಕಟ್ಟಿದಾಗಲೆಲ್ಲ, ಆ ಮಾತನ್ನು ಹಿಂಡಿ ತೆಗೆಯಲು ಕಾರಣವನ್ನೂ ಅದೇ ಒದಗಿಸಿದೆ.

ಈ ಅರಿವು ಹೊಸದೇನಲ್ಲ. ಮದ್ರಾಸ್ ಆಧಿಪತ್ಯದಲ್ಲಿ ನಡೆಯುತ್ತಿದ್ದ ಹಿಂಸೆಯ ಬಗ್ಗೆ ದೂರುಗಳು ಬ್ರಿಟಿಷ್ ಸಂಸತ್ತನ್ನು ಮುಟ್ಟಿದ ಮೇಲೆ ನೇಮಕವಾದ ಆಯೋಗ 1855ರಲ್ಲಿ ವರದಿ ಕೊಟ್ಟಿತು. ಕೆನರಾ, ಬಳ್ಳಾರಿ ಜಿಲ್ಲೆಗಳು ಆಗ ಅದೇ ಆಧಿಪತ್ಯಕ್ಕೆ ಸೇರಿದ್ದವು. ಕಂದಾಯ ವಸೂಲಿಗೂ ಅಪರಾಧ ಒಪ್ಪಿಸುವುದಕ್ಕೂ ಕೈಬೆರಳುಗಳನ್ನು ಕಿಟ್ಟಿ ಎಂಬ ಸಾಧನದಲ್ಲಿ ಹಿಂಡುವುದು, ಕತ್ತನ್ನು ಬಗ್ಗಿಸಿ ಕಾಲಿಗೆ ಕಟ್ಟುವುದು ರೂಢಿಯಲ್ಲಿದ್ದುದನ್ನು ಆಯೋಗ ದಾಖಲಿಸಿತು. ಮುಂದೆ 1861ರ ದಂಡಪ್ರಕ್ರಿಯಾ ಸಂಹಿತೆಯೂ 1872ರ ಸಾಕ್ಷ್ಯ ಅಧಿನಿಯಮದ 25 ಮತ್ತು 26ನೇ ಕಲಮುಗಳೂ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದಂತೆ ಮಾಡಿದವು. ವಸಾಹತು ಸರ್ಕಾರಕ್ಕೆ ತನ್ನ ಪೊಲೀಸರ ಮೇಲೇ ಇದ್ದ ಅಪನಂಬಿಕೆಯಿಂದ ಹುಟ್ಟಿದ ನಿಯಮವಿದು. ಹೊಡೆದು ಒಪ್ಪಿಸಿದ ಮಾತು ನ್ಯಾಯಾಲಯದಲ್ಲಿ ಚಲಾವಣೆಯಾಗದಿದ್ದರೆ ಹೊಡೆಯುವ ಆಸೆ ತಗ್ಗುತ್ತದೆ ಎಂಬುದು ಅದರ ತರ್ಕ. 27ನೇ ಕಲಮು ಮಾತ್ರ ಒಂದು ಕಿಂಡಿ ತೆರೆದಿಟ್ಟಿತು: ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಅದಕ್ಕೆ ಸಂಬಂಧಿಸಿದಷ್ಟು ಭಾಗ ಸಾಕ್ಷ್ಯವಾಗುತ್ತದೆ. ಠಾಣೆಗಳಲ್ಲಿ ಹಿಂಸೆ ಪೂರ್ತಿ ನಿಲ್ಲದಿರಲು ಈ ಕಿಂಡಿಯೂ ಒಂದು ಕಾರಣ.

ಸ್ವತಂತ್ರ ಭಾರತದ ಸಂವಿಧಾನದ 20(3)ನೇ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾವ ಆರೋಪಿಯನ್ನೂ ಬಲವಂತಪಡಿಸಬಾರದು ಎಂದಿತು. 1975ರ ತುರ್ತುಪರಿಸ್ಥಿತಿ ಈ ಭರವಸೆಯನ್ನು ಪರೀಕ್ಷೆಗೊಡ್ಡಿತು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿ ಬಿಡಿಸಲು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಹಿಡಿದೊಯ್ದ ಪೊಲೀಸರು ಅವರನ್ನು ಅಮಾನುಷವಾಗಿ ಹಿಂಸಿಸಿದರು. ಜಾರ್ಜ್ ಸಿಕ್ಕಿದ್ದು ನಲವತ್ತು ದಿನಗಳ ನಂತರ, ಕಲ್ಕತ್ತದಲ್ಲಿ. ಅದೇ ಮೇ ತಿಂಗಳಲ್ಲಿ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ ತೀವ್ರ ಅಸ್ತಮಾ ಇದ್ದರೂ ತಿಂಗಳುಗಟ್ಟಲೆ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಉಳಿಯಬೇಕಾಯಿತು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಇಬ್ಬರ ವಿಷಯದಲ್ಲೂ ಸರ್ಕಾರ ಮುಂದಿಟ್ಟದ್ದು ದೇಶದ ಭದ್ರತೆಯನ್ನೇ.

ನಿರ್ಣಾಯಕ ತಿರುವು ಬಂದದ್ದು 1987ರ ಟಾಡಾ ಕಾಯ್ದೆಯಿಂದ. ಅದರ 15ನೇ ಕಲಮು ಪೊಲೀಸ್ ಸೂಪರಿಂಟೆಂಡೆಂಟ್ ಅಥವಾ ಅದಕ್ಕೂ ಮೇಲಿನ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಮಾನ್ಯ ಮಾಡಿತು. 1994ರಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಪಂಜಾಬಿನ ಉಗ್ರವಾದವನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಈ ಕಾನೂನು ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಿಗೂ ಬಂತು. 1992ರ ಮೇ ತಿಂಗಳಲ್ಲಿ ರಾಮಪುರ ಠಾಣೆಯ ಮೇಲೆ ವೀರಪ್ಪನ್ ಗುಂಪು ದಾಳಿ ನಡೆಸಿತು. ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟ 22 ಜನರನ್ನು ಬಲಿ ತೆಗೆದುಕೊಂಡಿತು. ಆಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯ ಬಡ ರೈತರು, ಕೂಲಿಗಳು, ಸೋಲಿಗರು, ಹೆಂಗಸರು ವೀರಪ್ಪನ್‌ಗೆ ಅಕ್ಕಿಬೇಳೆ ಕೊಟ್ಟವರು, ಸುಳಿವು ಮುಚ್ಚಿಟ್ಟವರು ಎಂಬ ಅನುಮಾನದ ಮೇಲೆ ಬಂಧನಕ್ಕೊಳಗಾದರು. ಟಾಡಾ ಆರೋಪ ಹೊತ್ತವರ ಠಿಕಾಣಿ ಮಂಡಿ ಮೊಹಲ್ಲಾ ಭಾಗದ ಅಶೋಕ ರಸ್ತೆಯಲ್ಲಿರುವ ಮೈಸೂರು ಕೇಂದ್ರ ಕಾರಾಗೃಹವಾಯಿತು. ಕಾಯ್ದೆ 1995ರ ಮೇನಲ್ಲಿ ಅವಧಿ ಮುಗಿದು ಬಿದ್ದುಹೋದರೂ ಅವರಲ್ಲಿ ಹಲವರು ಅಲ್ಲೇ ಉಳಿದರು.

ಈ ಬಂಧಿತರತ್ತ ನಾಡಿನ ಗಮನ ಹರಿದದ್ದು 2000ದ ಜುಲೈ 30ರಂದು ನಟ ರಾಜ್‌ಕುಮಾರ್ ಅಪಹರಣವಾದಾಗ. ಅವರ ಬಿಡುಗಡೆಗೆ ವೀರಪ್ಪನ್ ಒಡ್ಡಿದ ಷರತ್ತುಗಳಲ್ಲಿ ಟಾಡಾ ಬಂಧಿತರನ್ನು ಬಿಡುವುದೂ ಒಂದು. ಸರ್ಕಾರ ಟಾಡಾ ಆರೋಪ ಹಿಂಪಡೆಯಲು ಹೊರಟಾಗ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ನ್ಯಾಯಾಲಯ ಅದಕ್ಕೆ ತಡೆ ಹಾಕಿತು. ಬೆದರಿಕೆಗೆ ಮಣಿದು ಮೊಕದ್ದಮೆ ಕೈಬಿಡಬಾರದೆಂಬ ತೀರ್ಪು ಸರಿಯಾದದ್ದೇ. ಮಗನನ್ನು ಕಳೆದುಕೊಂಡ ತಂದೆಯ ನ್ಯಾಯದ ಹಂಬಲವೂ ಅಷ್ಟೇ ಸರಿ. ಆದರೆ ಆ ಗದ್ದಲದಲ್ಲಿ, ಇಷ್ಟು ವರ್ಷ ವಿಚಾರಣೆ ಮುಗಿಯದೆ ಜೈಲಿನಲ್ಲಿದ್ದವರಲ್ಲಿ ತಪ್ಪಿತಸ್ಥರೆಷ್ಟು ಎಂಬ ಪ್ರಶ್ನೆ ಹಿಂದೆ ಸರಿಯಿತು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಹೆಚ್ಚಿನವರು ಖುಲಾಸೆಯಾದರು. ಶಿಕ್ಷೆಗೊಳಗಾದ ನಾಲ್ವರ ಜೀವಾವಧಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಮರಣದಂಡನೆಗೆ ಏರಿಸಿತು. ಕ್ಷಮಾದಾನ ಅರ್ಜಿಯ ವಿಳಂಬವನ್ನು ಪರಿಗಣಿಸಿ 2014ರ ಜನವರಿ 21ರಂದು ಅದೇ ನ್ಯಾಯಾಲಯ ಮತ್ತೆ ಜೀವಾವಧಿಗೆ ಇಳಿಸಿತು.

ಇದಕ್ಕೂ ಮೊದಲೇ, ವೀರಪ್ಪನ್ ಕಾರ್ಯಾಚರಣೆಯಲ್ಲಿ ನಡೆದ ಹಿಂಸೆಯ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ರಚಿಸಿತು. ಮಹದೇಶ್ವರ ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯಲಾಗುತ್ತಿದ್ದ ಜಾಗದಲ್ಲಿ ಬೆತ್ತಲೆಗೊಳಿಸಿ ಹೊಡೆದದ್ದನ್ನು, ಕೈಕಟ್ಟಿ ನೇತುಹಾಕಿದ್ದನ್ನು, ಕರೆಂಟ್ ಕೊಟ್ಟದ್ದನ್ನು ಸಂತ್ರಸ್ತರು ಸಮಿತಿಯ ಮುಂದೆ ಹೇಳಿದರು. ವಿಚಾರಣೆ ನ್ಯಾಯಾಲಯದ ತಡೆಯಾಜ್ಞೆಯಿಂದ ಕೆಲಕಾಲ ನಿಂತು, 2003ರ ಡಿಸೆಂಬರಿನಲ್ಲಿ ವರದಿ ಸಲ್ಲಿಕೆಯಾಯಿತು. 2007ರಲ್ಲಿ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು. ಪರಿಹಾರ ಕೊಟ್ಟ ಮೇಲೆ ವಿಷಯ ಮುಗಿಯಿತಲ್ಲವೇ ಎನ್ನುವವರಿದ್ದಾರೆ. ಹಣ ನೋವನ್ನು ಒಪ್ಪಿಕೊಳ್ಳುತ್ತದೆ, ಅದಕ್ಕೆ ಕಾರಣವಾದ ವ್ಯವಸ್ಥೆಯನ್ನು ಮುಟ್ಟುವುದಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಪೊಲೀಸರೇ ಹೆಣವಾಗುತ್ತಿದ್ದ ಕಾಡಿನಲ್ಲಿ ಮೃದು ಮಾತಿನಿಂದ ಸುಳಿವು ಸಿಗುತ್ತಿತ್ತೇ ಎಂಬುದು. ಅವರ ಸಾವುಗಳನ್ನು ಹಗುರಾಗಿ ಕಾಣುವ ಯಾವ ವಾದವೂ ಪ್ರಾಮಾಣಿಕವಲ್ಲ. ಆದರೂ ಫಲಿತಾಂಶವನ್ನು ನೋಡಬೇಕು. 2004ರ ಅಕ್ಟೋಬರ್ 18ರಂದು ಪಾಪಾರಪಟ್ಟಿಯ ಬಳಿ ವೀರಪ್ಪನ್ ಕಥೆ ಮುಗಿದದ್ದು ತಮಿಳುನಾಡು ಪೊಲೀಸರ ವಿಶೇಷ ಕಾರ್ಯಪಡೆ ಅವನ ಗುಂಪಿನೊಳಗೆ ತನ್ನವರನ್ನು ನುಗ್ಗಿಸಿ, ನಂಬಿಸಿ ಆಂಬುಲೆನ್ಸ್ ಹತ್ತಿಸಿದ್ದರಿಂದ. ಸುಳಿವು ಕೊಡಬಲ್ಲ ಹಳ್ಳಿಯವರನ್ನೇ ಹಿಂಸಿಸಿದರೆ ಅವರಿಗೆ ಕಳ್ಳನಷ್ಟೇ ಪೊಲೀಸರ ಭಯವೂ ಹುಟ್ಟುತ್ತದೆ. ‘ಬಾಂಬು ಸಿಡಿಯಲು ಗಂಟೆಯಷ್ಟೇ ಉಳಿದಿದೆ’ ಎಂಬ ಕಲ್ಪಿತ ಸನ್ನಿವೇಶವೂ ಇಲ್ಲಿ ಹೊಂದುವುದಿಲ್ಲ. ಅದು ಹಿಡಿದವನೇ ಅಪರಾಧಿ, ಅವನಿಗೆ ಗುಟ್ಟು ಗೊತ್ತು, ಹೊಡೆದರೆ ನಿಜವನ್ನೇ ಹೇಳುತ್ತಾನೆ ಎಂಬ ಮೂರು ಖಚಿತತೆಗಳ ಮೇಲೆ ನಿಂತಿದೆ. ಬೆಂಗಳೂರಿನ ಇಬ್ಬರು ಕೂಡ ಆರೋಪಿಗಳಾಗಿ ಸಿಲುಕಿದ್ದ, ಬಾಹ್ಯಾಕಾಶ ಸಂಸ್ಥೆ ಇಸ್ರೊಗೆ ಸಂಬಂಧಿಸಿದ 1994ರ ಬೇಹುಗಾರಿಕೆ ಪ್ರಕರಣದಲ್ಲಿ ಈ ಮೂರೂ ಇರಲಿಲ್ಲ. ಆರೋಪ ಸುಳ್ಳೆಂದು ಸಿಬಿಐ 1996ರಲ್ಲಿ ಹೇಳಿತು. ಅಮೆರಿಕದ ಸೆನೆಟ್ ಸಮಿತಿಯ 2014ರ ವರದಿಯೂ ಸಿಐಎಯ ಕಠೋರ ವಿಚಾರಣಾ ವಿಧಾನಗಳು ಪರಿಣಾಮಕಾರಿಯಾಗಿರಲಿಲ್ಲ ಎಂದೇ ತೀರ್ಮಾನಿಸಿತು.

ಲಾಠಿಯ ಬದಲು ವಿಜ್ಞಾನ ಬಳಸಬಹುದೆಂಬ ವಾದಕ್ಕೆ ಉತ್ತರ ಬಂದದ್ದೂ ಕರ್ನಾಟಕದ ಪ್ರಕರಣದಿಂದಲೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ (ಮೇ 5, 2010) ಸುಪ್ರೀಂ ಕೋರ್ಟ್ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮೆದುಳಿನ ಪರೀಕ್ಷೆ ನಡೆಸುವಂತಿಲ್ಲ ಎಂದಿತು. ಇಷ್ಟಾದರೂ ಮೂಲ ಸಮಸ್ಯೆ ಉಳಿದಿದೆ. ಟಾಡಾದ ವಿನಾಯಿತಿಯನ್ನು ಮುಂದುವರಿಸಿದ್ದ ಪೋಟಾ ಕಾಯ್ದೆ 2004ರಲ್ಲಿ ರದ್ದಾಯಿತು, ಈಗಿನ ಭಯೋತ್ಪಾದನೆ ವಿರೋಧಿ ಕಾಯ್ದೆಯಾದ ಯುಎಪಿಎ ಆ ವಿನಾಯಿತಿಯನ್ನು ತರಲಿಲ್ಲ. ಆದರೆ ಕರ್ನಾಟಕದ್ದೇ ಆದ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯ (ಕೋಕಾ) 19ನೇ ಕಲಮು ಇಂದಿಗೂ ಎಸ್‌ಪಿಯ ಮುಂದಿನ ತಪ್ಪೊಪ್ಪಿಗೆಯನ್ನು ಮಾನ್ಯ ಮಾಡುತ್ತದೆ. ಹಿರಿಯ ಅಧಿಕಾರಿ, ಎಚ್ಚರಿಕೆಯ ಮಾತು, ಲಿಖಿತ ದಾಖಲೆ ಎಂಬ ರಕ್ಷಣೆಗಳಿವೆಯಲ್ಲ ಎನ್ನಬಹುದು. ಅವು ಟಾಡಾದಲ್ಲೂ ಇದ್ದವು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿ ಇನ್ನೂ ಸ್ಥಿರೀಕರಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಚಿತ್ರಹಿಂಸೆ ತಡೆ ಮಸೂದೆ ಕಾನೂನಾಗಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಅಂಥ ಕಾನೂನನ್ನು ಮತ್ತೆ ಶಿಫಾರಸು ಮಾಡಿತು. ಶಿಕ್ಷೆಯ ಕಾನೂನು ಖಂಡಿತ ಬೇಕು. ಅದಕ್ಕೂ ಮುನ್ನ ಹಿಂಸೆಗೆ ಸಿಗುವ ಪ್ರತಿಫಲ ನಿಲ್ಲಬೇಕು. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಯಾವ ಕಾಯ್ದೆಯೂ ಸಾಕ್ಷ್ಯವೆಂದು ಒಪ್ಪದಿರುವುದು ಅದರ ಮೊದಲ ಹೆಜ್ಜೆ, ಮತ್ತು ಆ ಹೆಜ್ಜೆಯನ್ನು ಕರ್ನಾಟಕದ ಶಾಸಕಾಂಗ ತನ್ನದೇ ಕಾಯ್ದೆಯಿಂದ ಆರಂಭಿಸಬಹುದು.