ಬಿಳಿ ಹೋಗುವುದು: ಸಹಜ ಎಷ್ಟು, ಕಾಯಿಲೆ ಯಾವಾಗ?

ಯೋನಿ ಸದಾ ತೇವವಾಗಿರುವ ಅಂಗ. ಗರ್ಭಕೊರಳಿನ ಲೋಳೆ, ಯೋನಿಯ ಗೋಡೆಯಿಂದ ಜಿನುಗುವ ದ್ರವ, ಉದುರಿದ ಜೀವಕೋಶಗಳು ಸೇರಿ ಹೊರಬರುವುದೇ ಬಿಳಿಸ್ರಾವ. ಹುಡುಗಿಯರಲ್ಲಿ ಇದು ಮೊದಲ ಮುಟ್ಟಿಗಿಂತ ಕೆಲವು ತಿಂಗಳು ಮುಂಚೆಯೇ ಶುರುವಾಗುತ್ತದೆ. ಒಳಉಡುಪಿನಲ್ಲಿ ಒಣಗಿ ತುಸು ಹಳದಿ ಕಲೆಯಾದರೆ ಗಾಬರಿ ಬೇಡ.

ಒಳಗಿನ ಕಾವಲು

ಈಸ್ಟ್ರೋಜನ್ ಪ್ರಭಾವದಿಂದ ಯೋನಿಯ ಗೋಡೆಯಲ್ಲಿ ಗ್ಲೈಕೋಜನ್ ಶೇಖರವಾಗುತ್ತದೆ. ಅದರಿಂದ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಪಿಎಚ್ ಅನ್ನು ಸುಮಾರು 3.8ರಿಂದ 4.5ರೊಳಗೆ ಇಡುತ್ತವೆ. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ಇವುಗಳನ್ನು ವಿವರಿಸಿದ್ದ. ನವಿರಾದ ಹುಳಿ ವಾಸನೆ ಈ ಆಮ್ಲದ್ದೇ. ಸೋಪು, ಸುಗಂಧದ ದ್ರಾವಣ ಹಾಕಿ ಒಳಗೆ ತೊಳೆದರೆ ಕಾವಲು ಕೆಡುತ್ತದೆ. ಹೊರಗಿನ ಭಾಗಕ್ಕೆ ಬರೀ ನೀರು ಸಾಕು.

ತಿಂಗಳಿನ ಏರಿಳಿತ

ಮುಟ್ಟು ನಿಂತ ಕೂಡಲೇ ತೇವ ಕಡಿಮೆ. ಅಂಡ ಬಿಡುಗಡೆಯ ಹೊತ್ತಿಗೆ ಅದು ತಿಳಿಯಾಗಿ, ಎರಡು ಬೆರಳ ನಡುವೆ ಎಳೆದರೆ ಎಳೆಯಾಗುತ್ತದೆ, ಆಮೇಲೆ ಮಂದವಾಗುತ್ತದೆ. ಬಸುರಿಯರಲ್ಲಿ ಹೆಚ್ಚು. ಎದೆಹಾಲೂಡಿಸುವಾಗ, ಮುಟ್ಟು ಪೂರ್ತಿ ನಿಂತ ಮೇಲೆ ಈಸ್ಟ್ರೋಜನ್ ಇಳಿದು ಒಣಗುವುದುಂಟು. ಸಂಭೋಗದಲ್ಲಿ ಉರಿಯಾದರೆ ಸಹಿಸಿಕೊಂಡಿರಬೇಕಿಲ್ಲ, ಔಷಧಿಯಿದೆ.

ಸುಸ್ತಿಗೆ ಇದೇ ಕಾರಣವೇ?

'ಬಿಳಿ ಹೋದರೆ ಮೂಳೆ ಸವೆಯುತ್ತೆ', 'ಎಲ್ಲಾ ಉಷ್ಣ' ಎನ್ನುವ ಮಾತು ನಮ್ಮ ಮನೆಗಳಲ್ಲಿ ಮಾಮೂಲು. ಈ ಸ್ರಾವದಲ್ಲಿ ಮೂಳೆಯ ಅಂಶವೇನೂ ಇಲ್ಲ, ಶಕ್ತಿಯೂ ಸೋರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಸೊಂಟನೋವು, ತಲೆಸುತ್ತು ಎಂದು ಬಂದವರಿಗೆ ಮೊದಲು ಹಿಮೋಗ್ಲೋಬಿನ್ ನೋಡುವುದು ಲೇಸು. ಗೋವಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಬಿಳಿಸ್ರಾವದ ದೂರಿಗೆ ಸೋಂಕಿಗಿಂತ ಮನಸ್ಸಿನ ಬೇಗುದಿಯ ನಂಟೇ ಗಟ್ಟಿಯಾಗಿ ಕಂಡಿತ್ತು. ಅದನ್ನು ನಾಟಕವೆಂದು ತಳ್ಳಿಹಾಕುವ ಅತ್ತೆಯೂ ತಪ್ಪು, ವಿಚಾರಿಸದೆ ಮಾತ್ರೆ ಬರೆಯುವ ವೈದ್ಯರೂ ತಪ್ಪು.

ವೈದ್ಯರನ್ನು ಕಾಣಬೇಕಾದಾಗ

ಮೊಸರಿನ ಗಟ್ಟಿಯಂತಹ ಸ್ರಾವ, ತಾಳಲಾರದ ತುರಿಕೆ ಇದ್ದರೆ ಬಹುಶಃ ಕ್ಯಾಂಡಿಡಾ ಶಿಲೀಂಧ್ರ. ಪದೇಪದೇ ಬಂದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಬೂದುಬಣ್ಣ, ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರುತ್ತದೆ. ಹಸಿರು-ಹಳದಿ ನೊರೆ ಟ್ರೈಕೊಮೊನಾಸ್ ಸೋಂಕಿನ ಸೂಚನೆ, ಅದಕ್ಕೆ ಗಂಡನಿಗೂ ಚಿಕಿತ್ಸೆ ಬೇಕು. ಮೂರಕ್ಕೂ ಔಷಧಿ ಒಂದೇ ಅಲ್ಲ, ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಬೇಡಿ.

ಜ್ವರದೊಂದಿಗೆ ಕಿಬ್ಬೊಟ್ಟೆ ನೋವು, ಸಂಭೋಗದ ನಂತರ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಕಂಡ ರಕ್ತ ಇವುಗಳಿಗೆ ತಡ ಮಾಡುವಂತಿಲ್ಲ. ಬಸುರಿಗೆ ನೀರು ಒಮ್ಮೆಲೇ ಹರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.