ಹೆಸರು ಇಲಿ, ಮನೆತನ ಬೇರೆ: ದಕ್ಷಿಣ ಅಮೆರಿಕದ ಮುಳ್ಳು ಇಲಿಗಳ ಕಥೆ

ಇವತ್ತಿನ ಮಾತು ಇಲಿಗಳ ಬಗ್ಗೆ. ಸರಿಯಾಗಿ ಹೇಳಬೇಕು ಅಂದ್ರೆ, ಇಲಿ ಅನ್ನೋ ಹೆಸರಿದ್ದೂ ಇಲಿಯಲ್ಲದ ಒಂದು ಪ್ರಾಣಿಕುಲದ ಬಗ್ಗೆ.

ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮುಳ್ಳು ಇಲಿಗಳಿವೆ. ಮೈಕೂದಲು ಚಪ್ಪಟೆಯಾಗಿ, ಗಡುಸಾಗಿ, ಮುಳ್ಳಿನ ಹಾಗಿರುತ್ತೆ. ನೋಡೋಕೆ ಥೇಟ್ ನಮ್ಮ ಮನೆ ಇಲಿ. ಆದರೆ ಇವುಗಳ ನೆಂಟರು ಗಿನಿಪಿಗ್, ಚಿಂಚಿಲ್ಲಾ, ಕ್ಯಾಪಿಬಾರಾ. ನಮ್ಮ ಕಡೆ ಸಂಬಂಧ ಹುಡುಕಿದ್ರೆ ಇಲಿ-ಹೆಗ್ಗಣಗಳನ್ನ ಬಿಟ್ಟು ಮುಳ್ಳುಹಂದಿಯ ಹತ್ತಿರ ಹೋಗಬೇಕು. ಈ ದೂರದ ನೆಂಟಸ್ತನಕ್ಕೆ ಗುರುತು ಕೆಳದವಡೆಯ ಆಕಾರ. ಮುಳ್ಳು ನೋಡಿ ಹೇಳಿದ್ದಲ್ಲ! ಪಶ್ಚಿಮ ಘಟ್ಟದಲ್ಲೇ ಮುಳ್ಳುಗೂದಲಿನ ಒಂದು ಪುಟ್ಟ ಮರ-ಇಲಿ ಇದೆ, ಅದಕ್ಕೂ ಇವಕ್ಕೂ ಹತ್ತಿರದ ಸಂಬಂಧವೇ ಇಲ್ಲ. ಮುಳ್ಳು ಬೇರೆ ಬೇರೆ ವಂಶಗಳಲ್ಲಿ ತಾನಾಗಿಯೇ ಹುಟ್ಟಿದೆ. ಈ ಮಾತು ನೆನಪಿರಲಿ. ಹೊರಗಿನ ರೂಪ ನಂಬಿ ಮೋಸ ಹೋದ ಕಥೆ ಇದು.

1809ರಲ್ಲಿ ಫ್ರಾನ್ಸಿನ ಫ್ರೆಡೆರಿಕ್ ಕ್ಯೂವಿಯೆ ಇವುಗಳಲ್ಲಿ ಒಂದು ಕುಲಕ್ಕೆ 'ಎಕಿಮಿಸ್' ಅಂತ ಹೆಸರಿಟ್ಟರು. 1825ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಇಡೀ ಕುಟುಂಬಕ್ಕೆ 'ಎಕಿಮೈಡೆ' ಅಂದರು. ಆಮೇಲೆ ಡೆನ್ಮಾರ್ಕಿನ ಪೀಟರ್ ಲುಂಡ್ ಬಂದರು. ಬ್ರೆಜಿಲ್‌ನ ಲಗೋವಾ ಸಾಂಟಾ ಊರಿನ ಗುಹೆಗಳಲ್ಲಿ ಮೂಳೆ ಹುಡುಕುತ್ತಿದ್ದವರು. 'ಕಾರ್ಟರೋಡಾನ್' ಅನ್ನೋ ಮುಳ್ಳು ಇಲಿ ವಿಜ್ಞಾನಕ್ಕೆ ಮೊದಲು ಗೊತ್ತಾಗಿದ್ದು ಆ ಗುಹೆಯ ಮೂಳೆಗಳಿಂದ. ಇದರ ಹೆಸರು ನೆನಪಿಡಿ, ಕೊನೆಗೆ ಮತ್ತೆ ಬರುತ್ತೆ.

ನಂತರದ ದೊಡ್ಡ ಹೆಸರು ಬ್ರಿಟಿಷ್ ಮ್ಯೂಸಿಯಂನ ಓಲ್ಡ್‌ಫೀಲ್ಡ್ ಥಾಮಸ್. ಹಡಗಿನಲ್ಲಿ ಬಂದ ಚರ್ಮ, ತಲೆಬುರುಡೆಗಳನ್ನ ನೋಡಿ ಸಸ್ತನಿಗಳಿಗೆ ಸಾವಿರಗಟ್ಟಲೆ ಹೆಸರು ಕೊಟ್ಟವರು. ಮುಳ್ಳು ಇಲಿಗಳಿಗೂ ಸಾಕಷ್ಟು ಹೆಸರು ಬಂತು. ಸಮಸ್ಯೆ ಶುರುವಾಗಿದ್ದೇ ಇಲ್ಲಿ.

ಯಾಕೆ ಅಂದ್ರೆ, 'ಪ್ರೊಎಕಿಮಿಸ್' ಅನ್ನೋ ಕುಲ ಅಮೆಜಾನ್ ಕಾಡಿನ ನೆಲದ ಮೇಲೆ ತುಂಬಾ ಸಾಮಾನ್ಯ. ಒಂದೇ ಕಾಡಿನಲ್ಲಿ ಮೂರ್ನಾಲ್ಕು ಜಾತಿಗಳು ಒಟ್ಟಿಗೆ ಇರ್ತವೆ, ನೋಡೋಕೆ ಎಲ್ಲವೂ ಒಂದೇ ಥರ. ಅದೇ ಹೊತ್ತಿಗೆ ಒಂದೇ ಜಾತಿಯ ಮರಿಗೂ ಮುದಿಗೂ ಕೂದಲು, ಬುರುಡೆ ಬೇರೆ ಬೇರೆ. ಬಾಲ ನೋಡಿ ಹೇಳೋಣ ಅಂದ್ರೆ, ಅದು ಸುಲಭವಾಗಿ ಕಿತ್ತು ಬರುತ್ತೆ, ಹಲ್ಲಿಯ ಹಾಗೆ ಮತ್ತೆ ಬೆಳೆಯಲ್ಲ. ಹಾಗಾಗಿ ಒಂದೇ ಪ್ರಾಣಿಗೆ ನಾಲ್ಕು ಹೆಸರು, ನಾಲ್ಕು ಪ್ರಾಣಿಗೆ ಒಂದೇ ಹೆಸರು. ಹಳೇ ಟೀಮ್ ಬಿಟ್ಟು ಹೋದ ಕೋಡ್ ಬಿಡಿಸಿದವರಿಗೆ ಈ ಸಂಕಟ ಅರ್ಥ ಆಗುತ್ತೆ.

1948ರಲ್ಲಿ ಬ್ರೆಜಿಲ್‌ನ ಜೋವಾಂವ್ ಮೊಜೆನ್ ತಮ್ಮ ದೇಶದ ಮುಳ್ಳು ಇಲಿಗಳನ್ನ ಅಚ್ಚುಕಟ್ಟಾಗಿ ಜೋಡಿಸಿದರು. ಪೂರ್ವ ಕರಾವಳಿ ಕಾಡಿನ 'ಟ್ರೈನೊಮಿಸ್' ಅನ್ನ ಪ್ರೊಎಕಿಮಿಸ್‌ನ ಉಪಕುಲವಾಗಿಯೇ ಇಟ್ಟರು. 1987ರಲ್ಲಿ ಕ್ಯಾಲಿಫೋರ್ನಿಯಾದ ಜೇಮ್ಸ್ ಪ್ಯಾಟನ್ ಪ್ರೊಎಕಿಮಿಸ್ ಅನ್ನ ಒಂಬತ್ತು ಗುಂಪು ಮಾಡಿದರು. ಅವರು ಬುರುಡೆಯ ರಂಧ್ರಗಳ ಜೊತೆಗೆ ಗಂಡಿನ ಜನನಾಂಗದೊಳಗಿನ ಸಣ್ಣ ಮೂಳೆಯನ್ನೂ ನೋಡಿದರು. ನಗಬೇಡಿ, ಚರ್ಮ ಹೇಳದ ಸತ್ಯ ಆ ಮೂಳೆ ಹೇಳಿತು.

ಇಷ್ಟೆಲ್ಲ ಯಾಕೆ ಬೇಕು? ಒಂದು ಕಾರಣ ಕಾಯಿಲೆ. ಕುದುರೆಗೂ ಮನುಷ್ಯರಿಗೂ ಮಿದುಳುಜ್ವರ ತರುವ ವೆನೆಜುವೆಲಾ ವೈರಸ್, ಕಾಡಿನಲ್ಲಿ ಸೊಳ್ಳೆಗಳ ಮತ್ತು ಇಂಥ ಇಲಿಗಳ ನಡುವೆ ಸುತ್ತುತ್ತಿರುತ್ತೆ. ಯಾವ ಜಾತಿ ಅದನ್ನ ಹೊತ್ತಿದೆ ಅಂತ ತಿಳಿಯೋಕೆ ಮೊದಲು ಜಾತಿ ಯಾವುದು ಅಂತ ಗೊತ್ತಿರಬೇಕಲ್ಲ.

ಆಮೇಲೆ ಡಿಎನ್‌ಎ ಬಂತು. 1996ರಲ್ಲಿ ಲಾರಾ, ಪ್ಯಾಟನ್, ಡಾ ಸಿಲ್ವಾ ಅವರು ಸೈಟೋಕ್ರೋಮ್-ಬಿ ಜೀನ್ ಓದಿದಾಗ, ಪ್ರೊಎಕಿಮಿಸ್ ಮತ್ತು ಟ್ರೈನೊಮಿಸ್ ಅಣ್ಣ-ತಮ್ಮ ಅಲ್ಲ ಅಂತ ಕಂಡಿತು. ಕುಟುಂಬದ ಹಲವು ಕವಲುಗಳು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಡೆದಿದ್ದವು. ಅದಕ್ಕೇ ಯಾವುದು ಯಾವುದಕ್ಕೆ ಹತ್ತಿರ ಅಂತ ಬಿಡಿಸೋದು ಅಷ್ಟು ಕಷ್ಟ. ಮುಂದಿನ ಅಧ್ಯಯನಗಳಲ್ಲಿ ಟ್ರೈನೊಮಿಸ್, ಬಿಲ ತೋಡುವ ಮುಳ್ಳು ಇಲಿಗಳ ಪಕ್ಕ ಹೋಗಿ ಕೂತಿತು.

ಇನ್ನೂ ಆಶ್ಚರ್ಯ ಮುಂದಿತ್ತು. ನೀರಿನಲ್ಲಿ ಬದುಕುವ, ತುಪ್ಪಟಕ್ಕಾಗಿ ಯುರೋಪು, ಉತ್ತರ ಅಮೆರಿಕಕ್ಕೆ ಸಾಗಿಸಿದ ನ್ಯೂಟ್ರಿಯಾ ಇದೆಯಲ್ಲ, ಅದಕ್ಕೆ ಪ್ರತ್ಯೇಕ ಕುಟುಂಬವನ್ನೇ ಕೊಟ್ಟಿದ್ದರು. ಅದೂ ಇದೇ ಮನೆಯದು ಅಂತಾಯ್ತು. ಕ್ಯೂಬಾ, ಜಮೈಕಾ ದ್ವೀಪಗಳ ಹುಟಿಯಾಗಳಿಗೆ ತೀರಾ ಹತ್ತಿರದ ನೆಂಟ ಯಾರು ಗೊತ್ತಾ? ಲುಂಡ್ ಗುಹೆಯಲ್ಲಿ ಸಿಕ್ಕ ಅದೇ ಕಾರ್ಟರೋಡಾನ್!

ಕೊನೆಯದಾಗಿ, ಬಹಿಯಾದ ದಕ್ಷಿಣದಲ್ಲಿ, ನೆರಳಿನ ಮರಗಳ ಕೆಳಗೆ ಕೋಕೋ ಬೆಳೆಯುವ ಕಡೆ ಕಪ್ಪು-ಬಿಳುಪಿನ ಒಂದು ಮರ-ಇಲಿ ಇದೆ, 'ಕ್ಯಾಲಿಸ್ಟೊಮಿಸ್'. ಮರ ಹತ್ತೋದರಿಂದ ಉಳಿದ ಮರ-ಇಲಿಗಳ ಗುಂಪಿಗೆ ಸೇರಿಸಿದ್ದರು. 2014ರಲ್ಲಿ ಡಿಎನ್‌ಎ ನೋಡಿದಾಗ ಅದು ನ್ಯೂಟ್ರಿಯಾ ಮತ್ತು ಪ್ರೊಎಕಿಮಿಸ್ ಕಡೆಯದು ಅಂತ ಬಂತು. ಅಂದ್ರೆ ಮರ ಹತ್ತೋದನ್ನ ಅದರ ವಂಶ ಬೇರೆಯಾಗಿಯೇ ಕಲಿತಿದೆ. ಅದರ ಕುಲದಲ್ಲಿ ಉಳಿದಿರೋದು ಅದೊಂದೇ ಜಾತಿ, ಮತ್ತು ಅದು ಅಳಿವಿನಂಚಿನಲ್ಲಿದೆ. ಹತ್ತು ಮರ-ಇಲಿಗಳಲ್ಲಿ ಇದೂ ಒಂದು ಅಂದುಕೊಂಡು ಬಿಟ್ಟಿದ್ದರೆ, ಹೋಗುವಾಗ ಒಂದು ಇಡೀ ಕವಲೇ ಹೋಗ್ತಿದೆ ಅನ್ನೋದು ಯಾರಿಗೂ ತಿಳೀತಿರಲಿಲ್ಲ.

ಇಷ್ಟು ಇವತ್ತಿಗೆ. ಮುಂದಿನ ಮಾತಿನಲ್ಲಿ ಸಿಗೋಣ.